ವಿಳಾಸದ ತಾತ

ಬೀದಿಯನ್ನು ಅವರು ಓದುತ್ತಾ ನಡೆಯುತ್ತಿದ್ದರು. ಪ್ರತಿ ಗೇಟಿನ ಮುಂದೆ ಒಂದು ಗಳಿಗೆ ನಿಂತು, ತಲೆಯನ್ನು ಎಡಕ್ಕೆ ವಾಲಿಸಿ, ಬಾಗಿಲ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ತುಟಿಯಲ್ಲೇ ಉಚ್ಚರಿಸಿ, ಸರಿಯಿದೆ ಎಂಬಂತೆ ತಲೆಯಾಡಿಸಿ ಮುಂದಿನ ಗೇಟಿಗೆ ಸಾಗುವರು. ಹೀಗಾಗಿ ನಮ್ಮ ಬೀದಿಯ ಮೂವತ್ತೆರಡು ಮನೆಗಳನ್ನು ದಾಟಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಬಿಸಿಲಿರಲಿ ಚಳಿಯಿರಲಿ, ಮೈಮೇಲೆ ಅಂಚೆ ಇಲಾಖೆಯ ಹಳೆಯ ಕೋಟು. ಎದೆಯ ಕಿಸೆಯಲ್ಲಿ ಮೊಂಡು ಪೆನ್ಸಿಲು. ಮಕ್ಕಳಿಟ್ಟ ಹೆಸರು ವಿಳಾಸದ ತಾತ.

ನಾವು ಅವರ ಪಕ್ಕದ ಬಾಡಿಗೆ ಮನೆಗೆ ಬಂದಾಗ ನನ್ನ ಮಗಳಿಗೆ ಮೂರು ತಿಂಗಳು. ಅವಳನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತಿದ್ದ ನನ್ನನ್ನು ಗೇಟಿನಾಚೆಯಿಂದಲೇ ಮಾತಾಡಿಸಿದರು.

"ಈ ಮನೆಗೆ ಬೋರ್ಡೇ ಇಲ್ವಲ್ಲಮ್ಮ. ಕಾಗದ ಬಂದ್ರೆ ಎಲ್ಲಿಗೆ ಹೋಗ್ಬೇಕು?"

"ನಮಗೆ ಯಾರು ಬರೀತಾರೆ ತಾತ?"

"ಅದು ಬರೆಯೋರ ಇಷ್ಟ. ತಗೊಳ್ಳೋಕೆ ನೀನು ಸಿದ್ಧವಾಗಿರು, ಅಷ್ಟೆ."

ಮರುದಿನ ಒಂದು ಹಲಗೆ ಬಂತು, ನೀಲಿ ಬಣ್ಣದ ಅಂಕಿಗಳೊಂದಿಗೆ. ಮೊಳೆಯನ್ನೂ ಅವರೇ ತಂದಿದ್ದರು.

ವಿಳಾಸ ತಿಳಿಯದ ಪತ್ರಗಳ ವಿಭಾಗದಲ್ಲಿ ಅವರು ಮೂವತ್ತಾರು ವರ್ಷ ದುಡಿದವರು. ಎಲ್ಲೆಲ್ಲಿಂದಲೋ ಸಮುದ್ರ ದಾಟಿ ಬಂದು, ಮಳೆಗೆ ಮಸಿ ಕದಡಿ, ಹೋಗಬೇಕಾದ ಮನೆ ಕಾಣದೆ ಉಳಿದ ಲಕೋಟೆಗಳು ಅವರ ಮೇಜಿಗೆ ಬರುತ್ತಿದ್ದವು. ಅವುಗಳಿಗಾಗಿಯೇ ಹನ್ನೊಂದು ಲಿಪಿಗಳನ್ನು ಕಲಿತಿದ್ದರು. ಹನ್ನೊಂದರಲ್ಲೂ ಊರು, ಕೇರಿ, ಮನೆಯ ಯಜಮಾನರ ಹೆಸರು ಓದಬಲ್ಲರು. ಒಳಗಿನ ಕ್ಷೇಮಸಮಾಚಾರವನ್ನು ಮಾತ್ರ, ಮಾತೃಭಾಷೆಯ ಹೊರತು, ಒಂದರಲ್ಲೂ ಓದಲಾರರು. ಒಮ್ಮೆ 'ಕುಂಟುನಾಯಿಯ ಮನೆಯ ಎದುರಿಗಿರುವ ಅತ್ತೆಗೆ' ಎಂದಷ್ಟೇ ಬರೆದಿದ್ದ ಕಾಗದವೊಂದು ಬಂದು, ಊಟದ ಬಿಡುವಿನಲ್ಲೆಲ್ಲ ಕೇರಿ ಕೇರಿ ಅಲೆದು ಹದಿನೆಂಟನೆಯ ದಿನ ತಲುಪಿಸಿದರಂತೆ. "ನಾಯಿ ಸತ್ತು ಎರಡು ವರ್ಷ ಆಗಿತ್ತು. ಅತ್ತೆ ಗಟ್ಟಿಯಾಗಿದ್ರು," ಎಂದು ನಕ್ಕಿದ್ದರು. ಯಾರಿಗೂ ಸೇರದ ಪತ್ರದ ಮೇಲೆ ಒತ್ತಲು 'ವಾರಸುದಾರರಿಲ್ಲ' ಎಂಬ ಮರದ ಹಿಡಿಯ ಮುದ್ರೆಯೊಂದನ್ನು ಇಲಾಖೆ ಕೊಟ್ಟಿತ್ತು. ಅದನ್ನು ಒತ್ತಬೇಕಾಗಿ ಬಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಯ ದಿನ ಅದನ್ನು ಕೇಳಿ ಪಡೆದು ಕೋಟಿನ ಕಿಸೆಗೆ ಸೇರಿಸಿಬಿಟ್ಟರು, ಇನ್ನೊಬ್ಬರ ಕೈಗೆ ಸಿಗದಿರಲೆಂದು.

"ಲೋಕ ಅಂದ್ರೆ ಒಂದೇ ಬೀದಿ ಕಣಮ್ಮ, ಸ್ವಲ್ಪ ಉದ್ದ ಅಷ್ಟೆ," ಎಂಬುದು ಅವರ ಬಾಯಿಪಾಠ. ಯಾವ ದೂರದ ನಾಡಿನಲ್ಲಿ ಯುದ್ಧವಾದರೂ, ಪ್ರವಾಹ ಬಂದರೂ, ಅಲ್ಲಿಯ ಯಾವುದೋ ಕೇರಿಯ ಹೆಸರು ಹೇಳಿ, ಆ ಮನೆಯವರು ಹೇಗಿದ್ದಾರೋ ಎಂದು ನಿಟ್ಟುಸಿರಿಡುವರು. ಗ್ರಂಥಾಲಯದಲ್ಲಿ ಒಬ್ಬ ಪ್ರಾಧ್ಯಾಪಕರು ವಿಶ್ವಪೌರತ್ವದ ಬಗ್ಗೆ ಉಪನ್ಯಾಸ ಕೊಟ್ಟು, ಮನುಷ್ಯನ ಮೊದಲ ನಿಷ್ಠೆ ಮನುಕುಲಕ್ಕೆ, ದೇಶ-ಭಾಷೆ-ಕುಲಗಳೆಲ್ಲ ಆಮೇಲೆ ಎಂದು ಮುಗಿಸಿದಾಗ, ಹಿಂದಿನ ಸಾಲಿನಿಂದ ಇವರು ಎದ್ದು ನಿಂತರು.

"ಮೇಷ್ಟ್ರೇ, ಮನುಕುಲದ ಮನೆ ನಂಬರ್ ಎಷ್ಟು?"

ಸಭೆಯೆಲ್ಲ ನಕ್ಕಿತು. ತಾತ ನಗಲಿಲ್ಲ. "ಮೂವತ್ತಾರು ವರ್ಷದಲ್ಲಿ ಮನುಕುಲಕ್ಕೆ ಅಂತ ಒಂದು ಕಾಗದವೂ ಬರಲಿಲ್ಲ ನನ್ನ ಟೇಬಲ್ಲಿಗೆ. ಎಲ್ಲಾ ಒಬ್ಬ ಅಕ್ಕನಿಗೆ, ಒಬ್ಬ ಮಾವನಿಗೆ. ಹಾಗೆ ಒಂದೊಂದೇ ಮನೆ ಹುಡುಕ್ತಾ ಹೋಗ್ಬೇಕು, ಅಷ್ಟೆ."

ನನ್ನ ಅತ್ತೆಗೆ ಅವರೆಂದರೆ ಅಕ್ಕರೆ. ಆದರೆ ಅತ್ತೆಯ ನಾಲಿಗೆ ಹರಿತ. "ಊರಿಗೆಲ್ಲ ನೆಂಟ, ಮನೆಗೆ ಮಾತ್ರ ಪರದೇಶಿ," ಎನ್ನುತ್ತಿದ್ದರು. ತಾತನ ಹೆಂಡತಿ ತೀರಿಕೊಂಡು ಬಹುಕಾಲವಾಗಿತ್ತು. ಒಬ್ಬಳೇ ಮಗಳು ಎರಡು ದಿನದ ಪ್ರಯಾಣದಷ್ಟು ದೂರದಲ್ಲಿದ್ದಳು. ಅವಳ ವಿಚಾರ ಬಂದರೆ ತಾತ ಪೆನ್ಸಿಲು ಚೂಪು ಮಾಡಲು ತೊಡಗುವರು. ಒಂದೇ ಒಂದು ಸಲ, ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಗುವಿಗೆ ಹೇಳುವಂತೆ ಹೇಳಿದರು: "ನಾನು ಹೋಗೋವಾಗ ಯಾರಾದ್ರೂ ಕೈ ಹಿಡ್ಕೊಂಡಿದ್ರೆ ಸಾಕಪ್ಪ. ಯಾರಾದ್ರೂ ಆಗ್ಲಿ."

ಹೋದ ತಿಂಗಳು, ಹನ್ನೊಂದನೆಯ ಗೇಟಿನ ಮುಂದೆ ಅವರು ಕುಸಿದರು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವಳು ನಾನು. ಮಗು ಸೊಂಟದ ಮೇಲಿತ್ತು. ಕೌಂಟರಿನ ಗುಮಾಸ್ತೆ ಫಾರ್ಮು ತಳ್ಳಿ, "ಇವರು ನಿಮಗೆ ಏನಾಗಬೇಕು?" ಎಂದಳು. ಅರ್ಧ ಗೊತ್ತಿದ್ದರೆ ಅರ್ಧವೇ ಬರೆ, ಸುಳ್ಳು ಬರೆದರೆ ಕಾಗದ ದಾರಿ ತಪ್ಪುತ್ತದೆ ಎಂದು ಕಲಿಸಿದವರು ಅವರೇ. ಸಂಬಂಧದ ಕಾಲಮ್ಮಿನಲ್ಲಿ ನಾನು ದುಂಡಗೆ ಬರೆದೆ: ನೆರೆಮನೆಯವರು.

ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಹತ್ತಿರದ ಸಂಬಂಧಿಕರಿಗೆ ಮಾತ್ರ ಪ್ರವೇಶ ಎಂದು ತಡೆದರು. ತಾತನ ಮಗಳಿಗೆ ಫೋನು ಮಾಡಿ, ಬೆಂಚಿನ ಮೇಲೆ ಕೂತು, ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದೆ. ಮೂರೂವರೆಗೆ ನರ್ಸ್ ಹೊರಗೆ ಬಂದಳು.

"ತಾತ ಯಾರನ್ನೋ ಕೇಳ್ತಿದ್ದಾರೆ. ಅವರ ಕಡೆಯವರು ಯಾರಾದ್ರೂ ಇದ್ದೀರಾ?"

ಯಾರಿರಬಹುದೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು. ಥಟ್ಟನೆ ಎದ್ದು "ನಾನು, ನಾನೇ" ಎನ್ನುವಷ್ಟರಲ್ಲಿ ಅವಳು ಕೈಯಲ್ಲಿದ್ದ ಹಾಳೆ ನೋಡಿದಳು.

"ನೆರೆಮನೆ ಅಂತ ನೀವೇ ಬರೆದಿದ್ದೀರಲ್ಲಮ್ಮ."

ಬಾಗಿಲು ಮುಚ್ಚಿತು. ನಾಲ್ಕಕ್ಕೆ ಎಲ್ಲ ಮುಗಿಯಿತು. ಆ ದಿನ ನನ್ನ ದಿನಚರಿಯಲ್ಲಿ ಎರಡೇ ಸಾಲು ಬರೆದೆ: ಮಗುವಿಗೆ ದವಡೆಹಲ್ಲು ಮೂಡಿದೆ. ತಾತ ಇಲ್ಲ.

ತಾತನ ಮಗಳು ಬಂದಳು. ನನಗಿಂತ ಹಿರಿಯಳು. ಗೇಟಿನ ಮುಂದೆ ನಿಂತು, ಥೇಟ್ ತಾತನಂತೆಯೇ ತಲೆಯನ್ನು ಎಡಕ್ಕೆ ವಾಲಿಸಿ ಸಂಖ್ಯೆ ಓದಿದಳು. ಎಲ್ಲವನ್ನೂ ಹೇಳಿದೆ, ಫಾರ್ಮಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ.

"ಯಾರ್ಯಾರ ಅತ್ತೆ ಮನೆನೋ ಹುಡುಕ್ತಿದ್ರು ಅಪ್ಪ. ನನ್ನ ಸ್ಕೂಲು ಯಾವ ಬೀದೀಲಿತ್ತು ಅಂತ ಗೊತ್ತಿರಲಿಲ್ಲ ಅವರಿಗೆ," ಎಂದಳು. ಆಮೇಲೆ, "ಒಳಗೆ ಯಾರನ್ನ ಕೇಳಿದ್ರಂತೆ?" ಎಂದಳು.

ನರ್ಸ್ ಹೆಸರು ಹೇಳಿರಲಿಲ್ಲ. ಅರ್ಧ ಗೊತ್ತಿದ್ದರೆ ಅರ್ಧವೇ ಎನ್ನುವ ಪಾಠವನ್ನು ಅಂದು ಮುರಿದೆ. "ನಿಮ್ಮನ್ನೇ, ಅಕ್ಕ," ಎಂದೆ. ಆಗ ಅತ್ತಳು.

ಹೊರಡುವಾಗ ಕೋಟನ್ನು ತನ್ನ ಹೆಗಲಿಗೇರಿಸಿ, ಮುದ್ರೆಯನ್ನು ನನ್ನ ಕೈಗಿಟ್ಟಳು. ಅದು ಈಗ ನನ್ನ ಕಪಾಟಿನಲ್ಲಿ, ಮಗುವಿನ ಹಳೆಯ ಟೋಪಿಗಳ ಅಡಿಯಲ್ಲಿದೆ.

ಲೋಕವನ್ನೆಲ್ಲ ತಮ್ಮದೆಂದು ಬದುಕುವವರನ್ನು ನಾವು ದೊಡ್ಡವರೆಂದು ಕೊಂಡಾಡಿ ಸುಮ್ಮನಾಗಿಬಿಡುತ್ತೇವೆ. ಎಲ್ಲರ ಬಾಗಿಲನ್ನೂ ಓದುವ ಇಂಥವರು ಎಷ್ಟೋ ಸಲ ತಮ್ಮ ಮನೆಯ ಬಾಗಿಲನ್ನೇ ಓದದೆ ದಾಟಿಹೋಗಿರುತ್ತಾರೆ. ಅವರ ಬಾಗಿಲನ್ನು ಓದುವುದಂತೂ ಯಾರ ಕೆಲಸವೂ ಆಗದೆ ಉಳಿಯುತ್ತದೆ. ಅವರ ಪ್ರೀತಿ ಸುಳ್ಳಲ್ಲ, ಅವರ ಬೀದಿ ನಿಜಕ್ಕೂ ಅಷ್ಟು ಉದ್ದ. ಅದರ ಕೊನೆಯಲ್ಲಿ ಆ ಲೋಕದಿಂದ ಅವರಿಗೆ ಬೇಕಾಗಿದ್ದದ್ದು ಬಹಳ ಸಣ್ಣದು: ಅವರ ಕಡೆಯವರು ಯಾರೆಂದು ಕೇಳಿದಾಗ, ಹಿಂದೆ ತಿರುಗಿ ನೋಡದೆ ಎದ್ದು ನಿಲ್ಲುವ ಒಬ್ಬರು.