ಉಮಾದೇವಿ ಇಳಿದು ನಿಂತದ್ದು

ನಲವತ್ತು ದಾಟಿದ ಮೇಲೆ ಸೈಕಲ್ ಕಲಿತ ಅಂಗನವಾಡಿ ಕಾರ್ಯಕರ್ತೆ ಉಮಾದೇವಿ, ಮಸ್ಕಿಯಲ್ಲಿ ಯಾರಾದರೂ ರಸ್ತೆ ದಾಟುವುದು ಕಂಡರೆ ಸಾಕು, ಹತ್ತು ಮಾರು ದೂರದಲ್ಲೇ ಇಳಿದುಬಿಡುತ್ತಿದ್ದಳು. ಅವತ್ತು ಕುರಿಗಾರ ಮಾಳಿಂಗಪ್ಪ ತನ್ನ ಹಿಂಡನ್ನೆಲ್ಲ ದಾಟಿಸುವವರೆಗೂ ನಿಂತಳು.

"ಗಾಡಿಯವ್ರು ಹಾರ್ನ್ ಹೊಡದು ಕುರಿ ಬೆದರಸ್ತಾರ. ನಿಮ್ಮಂಗ ಮರ್ಯಾದಿ ಕೊಡೋರು ಯಾರದಾರ್ರಿ ಅಕ್ಕಾರ?" ಎಂದು ಅವನು ಕೈಮುಗಿದ.

ಆ ಹೊಗಳಿಕೆ ಅವಳಿಗೆ ಜೀರ್ಣವಾಗಲಿಲ್ಲ. "ಮರ್ಯಾದಿ ಅಲ್ಲರೀ ಅಣ್ಣಾರ, ಮಂದಿ ನಡುವ ಸೈಕಲ್ ಹೊಡಿಯಾಕ ನನಗ ಅಂಜಿಕಿ," ಎಂದಳು.

"ಹತ್ತಾಕರ ಬರ್ತದೇನ್ರಿ?"

"ಕಾಲಿಡಾಕ ಕಟ್ಟಿ ಇದ್ರ ಬರ್ತದ."

ಮಾಳಿಂಗಪ್ಪ ಮುಖ ಬಿಗಿಹಿಡಿದು, ಅವಳು ಹತ್ತುವವರೆಗೆ ಕ್ಯಾರಿಯರ್ ಹಿಡಿದುಕೊಂಡ. ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ಹಿಂದಿನಿಂದ ಅವನ ನಗು ಕೇಳಿಸಿತು. ತಿರುಗಿ ಬೈಯಬೇಕೆನಿಸಿತು. ಆದರೆ ಸೈಕಲ್ ಮೇಲೆ ಕೂತು ತಿರುಗಿ ನೋಡುವುದನ್ನು ಉಮಾದೇವಿ ಇನ್ನೂ ಕಲಿತಿರಲಿಲ್ಲ.