ಮುಚ್ಚಲು ಬಾರದ ಕಿಟಕಿ

"ತಲೆ ಕಡೆ ಮೇಲೆತ್ತಿ, ಕಾಲ ಕಡೆ ಬಲಕ್ಕೆ ತಿರುಗಿಸಿ... ಇಲ್ಲ ಇಲ್ಲ, ಎಡಕ್ಕೆ!"

ಮೂರನೇ ಮಹಡಿಯಿಂದ ಇಳಿಸುತ್ತಿದ್ದ ಹೆಣ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತವರೆಲ್ಲ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವವರು. ಒಬ್ಬರು ಕೋನದ ಲೆಕ್ಕ ಹೇಳುತ್ತಿದ್ದರು, ಇನ್ನೊಬ್ಬರು ಆ ಲೆಕ್ಕವೇ ತಪ್ಪು ಎನ್ನುತ್ತಿದ್ದರು, ಉಳಿದಿಬ್ಬರು ಭಾರಕ್ಕೆ ಹಲ್ಲು ಕಚ್ಚಿಕೊಂಡಿದ್ದರು. ಮೇಲೆ ಕಂಬಿ ಹಿಡಿದು ನಿಂತಿದ್ದ ಸತ್ತವರ ಹೆಂಡತಿಗೆ ನೋಡಿ ನೋಡಿ ಸಾಕಾಯಿತು.

"ಬದುಕಿದ್ದಾಗಲೂ ಇದೇ ಗತಿ ಇವರದ್ದು. ಮೂರು ಆಫೀಸಿನವರು ಮೂರು ಕಡೆ ಎಳೀತಿದ್ರು. ಈಗಲಾದ್ರೂ ಒಂದೇ ಕಡೆ ಎಳೀರಪ್ಪ."

ಯಾರೋ ನಕ್ಕರು. ನಕ್ಕಿದ್ದಕ್ಕೆ ತಾವೇ ನಾಚಿಕೊಂಡು ಕೆಮ್ಮಿದರು. ಹೆಣ ಹೇಗೋ ತಿರುಗಿ ಕೆಳಗಿಳಿಯಿತು.

ಸತ್ತವರನ್ನು ಕಾಲೇಜಿನಲ್ಲಿ ಗಾಳಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸಂಬಳ ವಿಶ್ವವಿದ್ಯಾಲಯದ್ದು, ಕೆಲಸ ಸರ್ಕಾರಿ ಆಸ್ಪತ್ರೆಯ ಕ್ಷಯರೋಗದ ವಾರ್ಡಿನಲ್ಲಿ, ಅನುಮತಿ ಆರೋಗ್ಯ ಇಲಾಖೆಯದ್ದು. ಕ್ಷಯ ಗಾಳಿಯಲ್ಲಿ ಹರಡುವ ರೋಗ. ವಾರ್ಡಿನ ಗಾಳಿ ಬೇಗ ಬೇಗ ಬದಲಾದರೆ ಒಬ್ಬರಿಂದ ಒಬ್ಬರಿಗೆ ಅಂಟುವುದು ಕಡಿಮೆ. ಯಂತ್ರವಿಲ್ಲದೆ, ಕರೆಂಟಿಲ್ಲದೆ, ಬರೀ ಗೋಡೆಯ ಕಿಂಡಿಗಳಿಂದ ಅದನ್ನು ಸಾಧಿಸಬಹುದೇ ಎಂಬ ಒಂದೇ ಪ್ರಶ್ನೆಗೆ ಅವರು ಇಡೀ ಆಯಸ್ಸು ಸವೆಸಿದರು. ಡಾಕ್ಟರುಗಳ ಸಭೆಗೆ ಹೋದರೆ ಫ್ಯಾನ್ ರಿಪೇರಿಗೆ ಬಂದವರೆಂದುಕೊಳ್ಳುತ್ತಿದ್ದರು. ಎಂಜಿನಿಯರುಗಳ ಸಭೆಯಲ್ಲಿ ರೋಗ ಅಂಟೀತೆಂದು ಪಕ್ಕದ ಕುರ್ಚಿಗೆ ಯಾರೂ ಬರುತ್ತಿರಲಿಲ್ಲ. ಇಲಾಖೆಯಲ್ಲಂತೂ ಕಾಂಟ್ರ್ಯಾಕ್ಟರ್ ಎಂದು ತಿಳಿದು ಹೊರಗಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಅಧ್ಯಯನ ಅವರ ಹೆಸರಿನಲ್ಲೇ ಇತ್ತು, ಆ ಬೆಂಚೂ ಅವರನ್ನು ಬಿಡಲಿಲ್ಲ. ಹಿಂದಿನ ದಿನ ಅಲ್ಲಿಂದ ಮನೆಗೆ ಬಂದವರು ಚಪ್ಪಲಿ ಬಿಡುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದರು.

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮುಂಚೆ ಇನ್ನೊಬ್ಬರ ಸರದಿಯಿತ್ತು. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲರೂ ಮುದುಡಿ ಕೂತರು. ವಾರ್ಡಿನ ಹೊಣೆ ಹೊತ್ತ ಡಾಕ್ಟರಮ್ಮ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಮುಖ ಕಪ್ಪಿಟ್ಟಿತ್ತು. ನೇರವಾಗಿ ಆರೋಗ್ಯ ಇಲಾಖೆಯ ಅಧಿಕಾರಿಯ ಮುಂದೆ ನಿಂತರು.

"ವಾರ್ಡಿಗೆ ಗಾರೆ ಕೆಲಸದವನು ಬಂದಿದಾನಂತೆ ಸಾರ್. ಮೇಷ್ಟ್ರು ಕೊರೆಸಿದ ಕಿಂಡಿಗಳನ್ನ ಮುಚ್ತಾ ಇದಾನಂತೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಒಪ್ಪಂದದಲ್ಲಿ ಹಾಗಿದೆ ಡಾಕ್ಟ್ರೇ. ಮುಖ್ಯ ಸಂಶೋಧಕ ಇಲ್ಲದೆ ಹೋದರೆ ಅಧ್ಯಯನ ಮುಗೀತು. ಕಟ್ಟಡ ಮೊದಲು ಹೇಗಿತ್ತೋ ಹಾಗೆ ಮಾಡಿ ಆಸ್ಪತ್ರೆಗೆ ಒಪ್ಪಿಸಬೇಕು."

"ಹೆಣ ಇನ್ನೂ ಇಲ್ಲೇ ಇದೆ! ಶೌಚಾಲಯದ ಬಾಗಿಲು ಮುರಿದಿದೆ ಅಂತ ನಾನು ಬರೆದು ಬರೆದು ಸತ್ತೆ, ಯಾರೂ ತಿರುಗಿ ನೋಡಲಿಲ್ಲ. ಇದಕ್ಕೆ ಮಾತ್ರ ಇಷ್ಟು ಚುರುಕಾ?"

"ಮಳೆ ಒಳಗೆ ಬರುತ್ತೆ ಅಂತ ಕಟ್ಟಡದವರು ಮೊದಲಿಂದ ಹಲ್ಲು ಮಸೀತಿದ್ರು." ಅಧಿಕಾರಿ ಕೆಟ್ಟ ಮನುಷ್ಯನಲ್ಲ, ಬೆಳಿಗ್ಗೆಯಿಂದ ಊಟ ಬಿಟ್ಟು ಇಲ್ಲಿ ಕೂತಿದ್ದರು. "ನೋಡಿ, ಮೆಕ್ಯಾನಿಕಲ್ ವಿಭಾಗದ ಖಾಯಂ ಅಧ್ಯಾಪಕರು ಯಾರಾದ್ರೂ ಒಬ್ಬರು ನಾನು ವಹಿಸಿಕೊಳ್ತೀನಿ ಅಂದುಬಿಡಲಿ. ಬಾಯಲ್ಲಿ ಹೇಳಿದ್ರೆ ಸಾಕು, ಈಗಲೇ ಫೋನ್ ಮಾಡಿ ನಿಲ್ಲಿಸ್ತೀನಿ. ಹೆಸರೇ ಇಲ್ಲದೆ ನಾನು ಯಾರ ಪರವಾಗಿ ನಿಲ್ಲಿಸಲಿ?"

ಹೆಣ ಹೊತ್ತು ತಂದವರಿಗೆಲ್ಲ ಒಮ್ಮೆಗೇ ಬೇರೆ ಬೇರೆ ಕೆಲಸ ನೆನಪಾಯಿತು. ಒಬ್ಬರು ನೀರು ಕುಡಿಯಲು ಎದ್ದರು, ಇಬ್ಬರು ಫೋನು ತೆಗೆದರು. ಉಳಿದವನು ಮೇಷ್ಟ್ರ ಶಿಷ್ಯ. ಅವರ ಕೈಕೆಳಗೇ ಓದಿ, ಅವರ ವಿಭಾಗದಲ್ಲೇ ಕೆಲಸಕ್ಕೆ ಸೇರಿದವನು. ಎಲ್ಲರ ಕಣ್ಣು ಅವನ ಮೇಲೆ ಬಿತ್ತು. ಅವನು ತಲೆ ತಗ್ಗಿಸಿ ಬೂಟಿನ ದಾರ ನೋಡುತ್ತಾ ಕೂತ.

"ಮನೇಲಿ ಕೂಸಿದೆ ಡಾಕ್ಟ್ರೇ," ಎಂದ ಕೊನೆಗೆ. "ಇನ್ನೂ ಅಂಬೆಗಾಲಿಡ್ತಿದೆ. ಆ ವಾರ್ಡಿಗೆ ಹೋಗಿ ಬಂದು ನಾನು ಅದನ್ನ ಹೇಗೆ ಎತ್ಕೊಳ್ಳಲಿ?"

ಅದಕ್ಕೆ ಉತ್ತರ ಕೊಟ್ಟಿದ್ದು ಮೇಷ್ಟ್ರ ಹೆಂಡತಿ.

"ಬೇಡ ಕಣಪ್ಪ. ನೀನು ಒಪ್ಕೋಬೇಡ. ನಿನ್ನ ಹೆಂಡತಿಗೆ ನನ್ನ ಗತಿ ಬೇಡ."

*

ಮೊದಲ ಸಲ ಮೇಷ್ಟ್ರು ಕಿಂಡಿ ಕೊರೆಸಿದಾಗ ಗಾಳಿ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಓಡಿತ್ತು. ಆದರೆ ರೋಗ ಅಂಟುವುದು ಕೂದಲೆಳೆಯಷ್ಟೂ ತಗ್ಗಲಿಲ್ಲ. ಡಾಕ್ಟರಮ್ಮ ಗಾಳಿಯ ಲೆಕ್ಕ ತಪ್ಪು ಎಂದರು, ಮೇಷ್ಟ್ರು ಕಫದ ಪರೀಕ್ಷೆ ತಪ್ಪು ಎಂದರು, ಇಲಾಖೆಯವರು ಇಬ್ಬರದ್ದೂ ತಪ್ಪು ಎಂದರು. ವರ್ಷಗಟ್ಟಲೆ ಹೀಗೇ ಹಗ್ಗಜಗ್ಗಾಟ ನಡೆಯಿತು. ಅಷ್ಟರಲ್ಲಿ ಮೇಷ್ಟ್ರಿಗೇ ಕೆಮ್ಮು ಹಿಡಿಯಿತು. ಅದೇ ವಾರ್ಡಿನಲ್ಲಿ, ತಾವೇ ಕೊರೆಸಿದ ಕಿಂಡಿಯ ಕೆಳಗೆ ಅವರಿಗೆ ಮಂಚ ಸಿಕ್ಕಿತು.

ಹೆಂಡತಿಗೆ ಒಳಗೆ ಬರಕೂಡದೆಂದು ಅವರದೇ ಕಟ್ಟಪ್ಪಣೆ. ಆಕೆ ಊಟದ ಡಬ್ಬಿ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದಳು, ಅವರು ಕಿಟಕಿಯ ಸರಳಿನ ಹಿಂದೆ. ಒಂದು ದಿನ ಆಕೆ ಬರುವುದನ್ನೇ ಕಾಯುತ್ತಿದ್ದವರಂತೆ ಸರಳು ಹಿಡಿದು ಕೂಗಿದರು.

"ಗೊತ್ತಾಯ್ತು ಕಣೇ! ಕತ್ತಲಾಗೋ ಹೊತ್ತಿಗೆ ಇವರೆಲ್ಲ ಎದ್ದು ಕಿಂಡಿಗೆ ದಿಂಬು ತುರುಕ್ತಾರೆ. ಬೆಳಿಗ್ಗೆ ನಾವು ಬರೋ ಮುಂಚೆ ತೆಗೀತಾರೆ. ಪಾಪ, ಮೇಷ್ಟ್ರಿಗೆ ಬೇಜಾರಾಗಬಾರದು ಅಂತ! ನಮ್ಮ ಯೂನಿವರ್ಸಿಟಿ ವ್ಯಾನು ಸಂಜೆಗೆ ಮುಂಚೆ ಹೊರಟುಬಿಡುತ್ತಲ್ಲ, ನಾವು ಅಳೆದಿದ್ದೆಲ್ಲ ಬರೀ ಹಗಲಿನ ಗಾಳಿ."

"ಔಷಧಿ ತಗೊಂಡ್ರಾ?"

"ನಿನ್ನೆ ನಾನೂ ಒಂದು ದಿಂಬು ತುರುಕಿದೆ ಮಾರಾಯ್ತಿ! ಅಷ್ಟು ಚಳಿ!"

ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಆದರೂ ನಗುತ್ತಿದ್ದರು. ಕತ್ತಿನ ಮೂಳೆ ಎದ್ದು ಕಾಣುತ್ತಿದ್ದ ಆ ಮನುಷ್ಯನ ಖುಷಿ ನೋಡಿ ಆಕೆಗೆ ಮೈಯೆಲ್ಲ ಉರಿಯಿತು. ನೀನು ಒಬ್ಬಳೇ ಹೇಗಿದೀಯ ಎಂದು ಒಂದು ಮಾತು ಕೇಳಲಿಲ್ಲ. ಡಬ್ಬಿಯನ್ನು ಆಯಾಳ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಬಸ್ಸು ಹತ್ತಿದ್ದಳು.

ಗುಣವಾಗಿ ಬಂದವರು ಕಿಂಡಿಗಳನ್ನು ಸೂರಿನ ಹತ್ತಿರಕ್ಕೆ ಏರಿಸಿದರು. ಗಾಳಿ ಮಂಚದ ಮೇಲೆ ಬೀಳದೆ ಮೇಲ್ಮೇಲೇ ಹಾಯುವಂತೆ ಓರೆ ಹಲಗೆ ಕೂರಿಸಿದರು. ಯಾರ ಕೈಗೂ ಎಟುಕದ, ಯಾರೂ ಮುಚ್ಚಲು ಬಾರದ ಕಿಟಕಿ. ಆಮೇಲೆ ರೋಗ ಅಂಟುವುದು ನಿಜವಾಗಿ ಇಳಿಯಿತು. ಬೇರೆ ವಾರ್ಡುಗಳಿಗೂ ಇದನ್ನೇ ಮಾಡಿ ಎಂದು ಕೇಳುತ್ತಾ ಅವರು ಬೆಂಚಿನ ಮೇಲೆ ಮುದುಕರಾದರು.

*

ಎಲ್ಲ ಮುಗಿದಾಗ ಮಧ್ಯಾಹ್ನ ದಾಟಿತ್ತು. ಅಸ್ಥಿಗೆ ನಾಳೆ ಬನ್ನಿ ಎಂದರು. ಶಿಷ್ಯ ತನ್ನ ಕಾರಿನಲ್ಲಿ ಆಕೆಯನ್ನು ಮನೆಗೆ ಬಿಡಲು ಹೊರಟ. ಆಸ್ಪತ್ರೆಯ ತಿರುವು ಬಂದಾಗ ಆಕೆ, "ಇಲ್ಲಿ ತಿರುಗಿಸು," ಎಂದಳು.

"ಯಾಕಮ್ಮ?"

"ಮುಚ್ಚಿಹೋಗೋ ಮುಂಚೆ ಒಂದ್ಸಲ ನೋಡ್ತೀನಿ. ನನ್ನ ಸಂಸಾರ ತಿಂದಿದ್ದು ಹೇಗಿದೆ ಅಂತ."

ವಾರ್ಡಿನ ಬಾಗಿಲಲ್ಲಿ ಅವನು ಇಬ್ಬರಿಗೂ ಬಿಗಿ ಮಾಸ್ಕು ಕೇಳಿ ತಂದ. ತನ್ನದನ್ನು ಎರಡೆರಡು ಸಲ ಒತ್ತಿ ನೋಡಿಕೊಂಡ. ಒಳಗೆ ಎರಡು ಸಾಲು ಮಂಚ, ಬೂದು ಕಂಬಳಿ, ಫಿನಾಯಿಲ್ ವಾಸನೆ. ಆಕೆ ತಲೆಯೆತ್ತಿ ನೋಡಿದಳು. ಗೋಡೆಯ ತುದಿಯಲ್ಲಿ ಉದ್ದಕ್ಕೆ ಕಿಂಡಿಗಳು. ಅಷ್ಟೇ. ಅಂಥದ್ದೇನೂ ಇರಲಿಲ್ಲ.

"ಇದಕ್ಕಾ?" ಎಂದಳು. "ಈ ತೂತಿಗಾ?" ಬೆಳಿಗ್ಗೆಯಿಂದ ಬಾರದ ಅಳು ಆಗ ಬಂತು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಗಾರೆಯವನು ಮೂಲೆಯ ಕಿಂಡಿಯ ಹಲಗೆ ಕಿತ್ತು, ಅರ್ಧದವರೆಗೆ ಇಟ್ಟಿಗೆ ಕಟ್ಟಿ, ಕಲಸಿದ ಸಿಮೆಂಟು ಮುಗಿದು ಇನ್ನಷ್ಟು ತರಲು ಹೋಗಿದ್ದ. ಏಣಿ ಹಾಗೇ ನಿಂತಿತ್ತು. ಅದರ ಪಕ್ಕದ ಮಂಚದಲ್ಲಿದ್ದ ಬಸ್ ಕಂಡಕ್ಟರು ಎದ್ದು ಕೂತ.

"ಮೇಷ್ಟ್ರ ಕಡೆಯವರಾ? ಬೇಗ ಕರೀರಿ ಅವರನ್ನ. ಈ ಆಸಾಮಿ ಯಾರ ಮಾತೂ ಕೇಳ್ತಿಲ್ಲ, ಆರ್ಡರ್ ಅಂತಾನೆ. ಮೇಷ್ಟ್ರು ಬಂದ್ರೆ ಏಣಿ ಸಮೇತ ಇಳಿಸ್ತಾರೆ."

"ಅವರು ಬರಲ್ಲಪ್ಪ," ಎಂದಳು ಆಕೆ. "ಈಗ ತಾನೇ ಅವರನ್ನ ಕಳಿಸಿಕೊಟ್ಟು ಬಂದ್ವಿ."

ಕಂಡಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ," ಎಂದ. "ಚಳಿ ಚಳಿ ಅಂತ ದಿನಾ ಬೈತಿದ್ದೆನಲ್ಲಮ್ಮ ನಾನು."

ಪಕ್ಕದ ಮಂಚದಲ್ಲಿ ಒಬ್ಬ ಯುವಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆಕೆ ಅವನಿಗೆ ಹೇಗಿದೆ ಎಂದು ಕೇಳಿದಳು.

"ಅವನಿಗೆ ಖಾಯಿಲೆ ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲಮ್ಮ," ಎಂದ ಕಂಡಕ್ಟರು. "ನೋಡೋಣ ಅಂತ ಇಟ್ಕೊಂಡಿದಾರೆ. ಬೇರೆ ಕಡೆ ಮಂಚ ಇಲ್ಲ."

"ಖಾಯಿಲೆ ಇಲ್ಲದೇ ಇದ್ರೆ?" ಎಂದಳು ಆಕೆ.

ಕಂಡಕ್ಟರು ಅರ್ಧ ಮುಚ್ಚಿದ ಕಿಂಡಿಯ ಕಡೆ ನೋಡಿದ. ಶಿಷ್ಯ ಆ ಯುವಕನ ಬೆನ್ನನ್ನು ನೋಡುತ್ತಾ ನಿಂತ. ಅವನಿಗೆ ಇಲ್ಲಿಂದ ಓಡಿಹೋಗಬೇಕೆನ್ನಿಸುತ್ತಿತ್ತು. ಆಮೇಲೆ ಫೋನು ತೆಗೆದು ಕಾರಿಡಾರಿಗೆ ಹೋದ. ಬಾಗಿಲು ತೆರೆದೇ ಇತ್ತು, ಮಾತು ಕೇಳುತ್ತಿತ್ತು.

"ಸ್ನಾನಕ್ಕೆ ಬಿಸಿನೀರು ಇಟ್ಟಿರು. ಬಂದ ತಕ್ಷಣ ಮಗೂನ ನನ್ನ ಹತ್ರ ಬಿಡಬೇಡ... ಹೂಂ, ಅಲ್ಲೇ ಇದೀನಿ... ಇಲ್ಲ, ಇವತ್ತೊಂದೇ ದಿನ ಅಲ್ಲ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ಜಗಳ ಮನೆಗೆ ಬಂದ ಮೇಲೆ ಆಡೋಣ. ಪೂರ್ತಿ ಆಡೋಣ."

ಮತ್ತೊಂದು ನಂಬರಿಗೆ ಕರೆ ಮಾಡಿದ. "ಸಾರ್, ಬಾಯಲ್ಲಿ ಹೇಳಿದ್ರೆ ಸಾಕು ಅಂದ್ರಲ್ಲ. ಹೇಳ್ತಿದೀನಿ."

ಒಳಗೆ ಬಂದು, ಅಂಗಿಯ ತೋಳು ಮಡಚಿಕೊಂಡು, ಏಣಿಗೆ ಕಾಲಿಟ್ಟ.

"ನಾನು ಬೇಡ ಅಂದಿದ್ದೆ," ಎಂದಳು ಆಕೆ.

"ಹೌದಮ್ಮ."

ಅವನು ಮೇಲೇರಿ ಒಂದು ಇಟ್ಟಿಗೆ ಅಲ್ಲಾಡಿಸಿದ. ಸಿಮೆಂಟು ಇನ್ನೂ ಹಸಿಯಾಗಿತ್ತು. ಇಟ್ಟಿಗೆ ಕಳಚಿ ಕೈಗೆ ಬಂತು. ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದ. ಕೆಳಗೆ ಮಂಚಗಳಿದ್ದವು.

"ಎಸೀಬೇಡ. ಕೆಳಗೆ ಜನ ಇದಾರೆ," ಎಂದಳು ಆಕೆ. ಕಣ್ಣು ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಯ ಬುಡಕ್ಕೆ ಬಂದಳು. "ಇಲ್ಲಿ ಕೊಡು."

ಇಟ್ಟಿಗೆ ಇಸಿದುಕೊಂಡು ಗೋಡೆಯ ಪಕ್ಕ ಇಟ್ಟಳು. ಅಂಗೈಗೆ ಮೆತ್ತಿದ ಹಸಿ ಸಿಮೆಂಟನ್ನು ಒರೆಸಿಕೊಳ್ಳದೆಯೇ ಮುಂದಿನದಕ್ಕೆ ಕೈ ಚಾಚಿದಳು.