ಮುಟ್ಟದ ಬೆನ್ನು

ಶಿಳ್ಳೆ, ಅಂಬರೀಶ್ ಮೇಷ್ಟ್ರದೇ, ಶಾಲೆಯ ಗೇಟಿನ ಕಂಬಿ ಬಿಸಿಲಿಗೆ ಕಾದಿದೆ, ಆದರೂ ಎರಡೂ ಕೈಯಲ್ಲಿ ಹಿಡಿದಿದ್ದೇನೆ, ಖೋಖೋ ಸಾಲಿನಲ್ಲಿ ಮೂರನೆಯವಳಾಗಿ ಕೂತಿರುವುದು ನನ್ನ ಹರಿಣಿಯೇ, ಒಂಬತ್ತು ವರ್ಷ, ಹುಟ್ಟಿದಾಗಲೇ ಹೃದಯದಲ್ಲಿ ತೂತು, ಎರಡು ವರ್ಷ ತುಂಬಿದಾಗ ಆಪರೇಷನ್, ಇವಳನ್ನು ಆಟಕ್ಕೆ ಸೇರಿಸಿದವರು ಯಾರು — ಡಾಕ್ಟರು ಹೋದ ವಾರ ಬರೆದುಕೊಟ್ಟ ಚೀಟಿ, ಎಲ್ಲ ಆಟವೂ ಆಡಬಹುದು, ಸಂಜೆ ಕಾಲೇಜಿನಲ್ಲಿ ಓದಿದವಳು ನಾನು, ಮೂರು ಸಲ ಓದಿದೆ, ಸರಿಯಾಗಿಯೇ ಓದಿದೆನೇ, ಆಮೇಲೆ ಸೀರೆಗಳ ಕೆಳಗಿಟ್ಟೆ, ಅವಳೇ ಹುಡುಕಿ ಮೇಷ್ಟ್ರಿಗೆ ಕೊಟ್ಟಿರಬೇಕು. ಆಪರೇಷನ್‌ಗೆ ಮುಂಚೆ ಅತ್ತರೆ ತುಟಿ ಹಿಪ್ಪುನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಆ ಬಣ್ಣ ಮತ್ತೆ ಬಂದರೆ, ಸುಸ್ತಾದರೆ ಎದೆ ಮೇಲೆ ಕೈ ಇಡಮ್ಮ, ಓಡಿ ಬರ್ತೀನಿ, ಕಲಿಸಿದ್ದು ನಾನೇ, ಈಗ ಮಗ್ಗಿ ಕೇಳಿದರೆ ಕೈ, ಮುದ್ದೆ ಬಡಿಸಿದರೆ ಕೈ, ಅತ್ತೆ ಲಕ್ಷ್ಮಿದೇವಮ್ಮ ನಗುತ್ತಾರೆ, ಅವಳ್ಗೇನೂ ನೋವಿಲ್ಲ ಕಣಮ್ಮ, ನಿನ್ ಮುಖ ನೋಡ್ಕೊಂಡು ಕೈ ಇಡ್ತಾಳೆ, ಜ್ವರದಿಂದ ಎದ್ದ ರೇಷ್ಮೆಹುಳಾನ ಸೊಪ್ಪು ಹಾಕ್ದೆ ಎಷ್ಟು ದಿನ ಮುಚ್ಚಿಡ್ತೀಯ. ಜ್ವರ — ಆ ಮಾತನ್ನು ಶಾಲೆಗೆ ತಂದವಳೂ ನಾನೇ, ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತು ಮಕ್ಕಳಿಗೆ ಹೇಳಿದ್ದೆ, ರೇಷ್ಮೆಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಮುಟ್ತೀರೇನ್ರಪ್ಪ, ಇಲ್ಲ ತಾನೆ, ಇವಳನ್ನೂ ಹಂಗೇ ನೋಡ್ಕಳಿ, ಕೆಂಚಾರ್ಲಹಳ್ಳಿಯ ಮಕ್ಕಳು, ಎಲ್ಲರ ಮನೆಯಲ್ಲೂ ಹುಳು, ಎಲ್ಲರಿಗೂ ಅರ್ಥವಾಯಿತು, ಮೂರು ವರ್ಷವಾದರೂ ಯಾರೂ ಮುಟ್ಟಿಲ್ಲ, ಏಯ್ ಜ್ವರದ ಹುಳ, ದೂರದಿಂದಲೇ ಕೂಗುತ್ತಾರೆ, ಇವಳು ಕಲ್ಲು ಎಸೆಯುತ್ತಾಳೆ. ಈಗಲೂ ಎರಡು ಸಲ ಹಿಂದೆ ಬಂದವರು ಇವಳನ್ನು ದಾಟಿ ಮುಂದಿನವಳ ಬೆನ್ನು ತಟ್ಟಿ ಖೋ ಅಂದರು, ಇವಳ ಬೆನ್ನು ಕಾಯುತ್ತಲೇ ಇದೆ, ಮುಟ್ಟದಿರಲಿ, ಯಾರಾದರೂ ಮುಟ್ಟಲಿ, ದೇವರೇ ಮುಟ್ಟದಿರಲಿ — ಸಿದ್ಧಾರ್ಥ್ ಬಂದ, ಮುಟ್ಲಾ ಸಾರ್, ಮುಟ್ಟೋ ಆಟ ಅಲ್ವೇನೋ ಇದು, ಮೇಷ್ಟ್ರು ಗದರಿದರು, ಅವನು ತಟ್ಟಿದ, ಖೋ, ಹರಿಣಿ ಎದ್ದಳು, ಓಡುತ್ತಿದ್ದಾಳೆ, ಇಷ್ಟು ಉದ್ದ ಕಾಲು ಯಾವಾಗ ಬಂತು, ಜಡೆ ಹಾರುತ್ತಿದೆ, ಕಂಬ ಸುತ್ತಿದಳು, ಗೇಟಿನ ಕಡೆ ತಿರುಗಿದಳು, ನಿಂತಳು. ಯಾಕೆ ನಿಂತಳು, ತುಟಿ — ಇಲ್ಲ, ತುಟಿ ಕೆಂಪಗೇ ಇದೆ, ನನ್ನನ್ನೇ ನೋಡುತ್ತಿದ್ದಾಳೆ, ಮುಖವನ್ನಲ್ಲ, ಇನ್ನೂ ಕೆಳಗೆ, ಕಂಬಿ ಬಿಟ್ಟ ನನ್ನ ಬಲಗೈ, ಯಾವಾಗ ಬಿಟ್ಟೆನೋ, ನನ್ನ ಎದೆಯ ಮೇಲಿದೆ, ಇಳಿಸು, ಇಳಿಸು, ಇಳಿಯುತ್ತಿಲ್ಲ, ಅಲ್ಲಿ ಅವಳ ಕೈ ಮೇಲೇಳುತ್ತಿದೆ, ನಿಧಾನವಾಗಿ, ಆ ಪುಟ್ಟ ಕೈ, ಎದೆಯ ಕಡೆಗೆ, ಆ ಕೈ —